ಈ ಗಾಡಿ ಯಾರು ಮಾಡಿದ್ದು?

ಕೆಲವರಿಗೆ ಸಕ್ಕರೆ ಕಾಯಿಲೆ ಇರುತ್ತದೆ, ಕೆಲವರಿಗೆ ಬಿ.ಪಿ. ಇರುತ್ತದೆ. ನನಗಿರುವುದು ಹೊಗಳಿಸಿಕೊಳ್ಳುವ ಕಾಯಿಲೆ. ಇದಕ್ಕೆ ಮಾತ್ರೆ ಇಲ್ಲ, ಪಥ್ಯವೂ ಇಲ್ಲ. ದಿನಕ್ಕೊಂದು ಒಳ್ಳೆಯ ಮಾತು ಕಿವಿಗೆ ಬಿದ್ದರೆ ಅವತ್ತು ರಾತ್ರಿ ನಿದ್ದೆ ಚೆನ್ನಾಗಿ ಬರುತ್ತದೆ. ಬೀಳದಿದ್ದರೆ ಮನೆಯವರಿಗೆ ಸಾರಿನಲ್ಲಿ ಉಪ್ಪು ಹೆಚ್ಚುಕಡಿಮೆಯಾಗಿ ಗೊತ್ತಾಗುತ್ತದೆ. ಕಾಯಿಲೆ ಇದ್ದರೆ ಇರಲಿ, ಅದಕ್ಕೆ ಒಗ್ಗುವ ಕಸುಬನ್ನಾದರೂ ಆರಿಸಿಕೊಳ್ಳಬೇಕಿತ್ತು. ನಾನು ಆರಿಸಿಕೊಂಡದ್ದು ಟೈಲರಿಂಗ್. ಅಜ್ಜಂಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಕೂತು ಇಪ್ಪತ್ತಾರು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ರವಿಕೆ ಚೆನ್ನಾಗಿ ಕೂತರೆ ಜನ ಹಾಕಿಕೊಂಡವರ ಮೈಕಟ್ಟನ್ನು ಹೊಗಳುತ್ತಾರೆ. ಕಂಕುಳಲ್ಲಿ ಒಂದೆಳೆ ಬಿಗಿಯಾದರೆ ಮಾತ್ರ "ಯಾವ ಟೈಲರಮ್ಮ ಹೊಲಿದಿದ್ದು?" ಎಂದು ಹೆಸರು ಕೇಳುತ್ತಾರೆ. ಹೀಗೆ ಊರಿನಲ್ಲಿ ನನ್ನ ಹೆಸರು ಹರಡಿರುವುದೆಲ್ಲ ಕಂಕುಳ ಮುಖಾಂತರವೇ.

ಮನೆಯೊಳಗಾದರೂ ಆ ಕೊರತೆ ತುಂಬಬಹುದಿತ್ತು. ನಮ್ಮ ಯಜಮಾನರು ರುದ್ರೇಶ್, ಹೈಸ್ಕೂಲಿನಲ್ಲಿ ಕನ್ನಡ ಮೇಷ್ಟ್ರು. ಅವರು ಹೊಗಳುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಕುಡಿಯಲು ನೀರು ಕೊಟ್ಟರೂ "ಆಹಾ" ಎನ್ನುವ ಮನುಷ್ಯನ ಹೊಗಳಿಕೆಯಿಂದ ಯಾರ ಹೊಟ್ಟೆ ತುಂಬುತ್ತದೆ? ತೂಕದ ಮಾತೆಂದರೆ ನಮ್ಮತ್ತೆ ಗೌರಮ್ಮನವರದು. ಆ ಮಾತು ಹೊರಗೆ ಬಂದದ್ದನ್ನು ಮಾತ್ರ ನಾನು ಕಂಡಿರಲಿಲ್ಲ. ರೊಟ್ಟಿ ತೆಳ್ಳಗೆ ಬಂದ ದಿನ ಅವರು ಸುಮ್ಮನೆ ತಿಂದು ಕೈತೊಳೆಯುತ್ತಾರೆ. ದಪ್ಪಗೆ ಬಂದ ದಿನ "ಏನೇ ಗಿರಿಜಾ, ಇವತ್ತು ಹಂಚು ಕಾದಿರ್ಲಿಲ್ವಾ?" ಎಂದು ಹಂಚಿನ ಯೋಗಕ್ಷೇಮ ವಿಚಾರಿಸುತ್ತಾರೆ. ನನಗೆ ಮಗಳು ಹುಟ್ಟಿದಾಗ ನೋಡಲು ಬಂದವರೆಲ್ಲ ಗೊಂಬೆ ಗೊಂಬೆ ಎನ್ನುತ್ತಿದ್ದರೆ, ಅತ್ತೆ ಎಲ್ಲರಿಗೂ ಕೇಳುವಂತೆ "ಮೂಗೊಂದು ಚಪ್ಪಟೆ" ಎಂದಿದ್ದರು. ಆ ಮಾತಿಗೆ ನಾನು ಬಹಳ ವರ್ಷ ಅವರನ್ನು ಕ್ಷಮಿಸಿರಲಿಲ್ಲ.

ಹೀಗಿರುವಾಗ, ವಯಸ್ಸು ಐವತ್ತರ ಹೊಸ್ತಿಲಿಗೆ ಬಂದಾಗ, ನನಗೆ ಮೋಟಾರ್ ಸೈಕಲ್ಲಿನ ಹುಚ್ಚು ಹಿಡಿಯಿತು. ಪೂರ್ತಿ ಹೊಸದಾಗಿ ಹಿಡಿಯಿತು ಎನ್ನುವಂತಿಲ್ಲ. ನನ್ನ ಹೊಲಿಗೆ ಮಿಷನ್ನು ಕೆಟ್ಟರೆ ನಾನೇ ಬಿಚ್ಚಿ ನಾನೇ ಜೋಡಿಸುವವಳು. ಅದರ ಸದ್ದಿನಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವಾದರೂ ನನ್ನ ಪಾದಕ್ಕೆ ಗೊತ್ತಾಗುತ್ತದೆ. ಮಧ್ಯಾಹ್ನದ ಊಟವಾದ ಮೇಲೆ ಅರ್ಧ ಗಂಟೆ ಫೋನಿನಲ್ಲಿ ಎಂಬ್ರಾಯ್ಡರಿ ನೋಡುವುದು ನನ್ನ ರೂಢಿ. ಅದು ಹೇಗೋ ಒಂದು ದಿನ ಎಂಬ್ರಾಯ್ಡರಿ ಮುಗಿದು, ಯಾವ ದೇಶದವನೋ ತುಕ್ಕು ಹಿಡಿದ ಬೈಕೊಂದನ್ನು ನಟ್ಟುನಟ್ಟಾಗಿ ಬಿಚ್ಚಿ ಮತ್ತೆ ಕಟ್ಟುವ ವಿಡಿಯೊ ಶುರುವಾಯಿತು. ಕೊನೆಗೆ ಅದು ತಗ್ಗಿದ ಹ್ಯಾಂಡಲ್ಲು, ದುಂಡು ಲೈಟು, ಒಬ್ಬರೇ ಕೂರುವ ಗೂನುಬೆನ್ನಿನ ಸೀಟು ಹೊತ್ತು ಹೊಸ ಮದುಮಗನ ಹಾಗೆ ನಿಂತಿತು. ಇಂಥ ಗಾಡಿಗೆ ಕೆಫೆ ರೇಸರ್ ಎನ್ನುತ್ತಾರಂತೆ. ಹಿಂದೆ ಅಲ್ಲಿಯ ಹುಡುಗರು ಒಂದು ಕಾಫಿ ಅಂಗಡಿಯಿಂದ ಇನ್ನೊಂದು ಕಾಫಿ ಅಂಗಡಿಗೆ ಪಂದ್ಯ ಕಟ್ಟಿ ಓಡಿಸುತ್ತಿದ್ದರಂತೆ. ಅತ್ತೆಗೆ ಇದನ್ನು ಹೇಳಿದೆ. "ಕಾಫಿ ಕುಡಿಯಾಕೆ ಅಷ್ಟು ದೂರ ಯಾಕ್ ಓಡ್ಬೇಕು? ಅವರ ಮನೇಲಿ ಹಾಲಿರ್ಲಿಲ್ವಾ?" ಎಂದರು. ನನಗೆ ಮಾತ್ರ ಆ ಗಾಡಿಗಿಂತ, ಅದನ್ನು ಮಾಡಿದವನು ಪಕ್ಕದಲ್ಲಿ ಕೈ ಒರೆಸಿಕೊಳ್ಳುತ್ತ ನಿಂತ ಠೀವಿ ಮನಸ್ಸಿನಲ್ಲಿ ಕೂತುಬಿಟ್ಟಿತು. ಅವನ ಗಾಡಿಯನ್ನು ಯಾರೂ ಬೇರೆಯವರ ಮೈಕಟ್ಟೆಂದು ಹೊಗಳುವಂತಿರಲಿಲ್ಲ.

ಲಿಂಗದಹಳ್ಳಿಯ ನನ್ನ ತವರಿನ ಕೊಟ್ಟಿಗೆಯಲ್ಲಿ ಅಂಥದೊಂದು ಗಾಡಿ ಬಿದ್ದಿತ್ತು. ಮೈಸೂರಿನಲ್ಲಿ ತಯಾರಾಗುತ್ತಿದ್ದ ಹಳೆಯ ಬೈಕು: ಒಂದೇ ಸಿಲಿಂಡರು, ಎರಡು ಸೈಲೆನ್ಸರು, ಒದ್ದರೆ ಕಿಕ್ಕರು, ಮಡಚಿದರೆ ಅದೇ ಗೇರು. ನನ್ನಣ್ಣ ಸೋಮಣ್ಣ ಅದನ್ನು ಬಿಟ್ಟು ಎಷ್ಟೋ ವರ್ಷವಾಗಿತ್ತು. ಸೀಟಿನ ಸ್ಪಂಜಿನೊಳಗೆ ಒಂದು ಕೋಳಿ ಕಾವು ಕೂರುತ್ತಿತ್ತು. ಪ್ರತಿ ವರ್ಷ ಗೌರಿಹಬ್ಬಕ್ಕೆ ಅಣ್ಣ ನನಗೊಂದು ಸೀರೆ ಕೊಡುತ್ತಾನೆ, ಆ ಸೀರೆಯನ್ನು ಅತ್ತಿಗೆ ಆರಿಸುತ್ತಾಳೆ, ಅದು ನನಗೆ ಎಂದೂ ಹಿಡಿಸುವುದಿಲ್ಲ. ಆ ವರ್ಷ ನಾನು ಮೊದಲೇ ಫೋನು ಮಾಡಿ, "ಅಣ್ಣಾ, ಈ ಸಲ ಸೀರೆ ಬೇಡ, ಗಾಡಿ ಕೊಡು" ಎಂದೆ. ಅವನು "ಭಾವನ ಹತ್ರ ಜಗಳ ಏನಾದ್ರೂ ಆಯ್ತೇನವ್ವಾ?" ಎಂದು ಮೆಲ್ಲಗೆ ಕೇಳಿದ. ಕಡೆಗೆ ಹಬ್ಬದ ದಿನ ಲಗೇಜ್ ಆಟೊದಲ್ಲಿ ಗಾಡಿ ಬಂತು. ತವರಿನ ಉಡುಗೊರೆ ಬರಿಗೈಲಿ ಬರಬಾರದೆಂದು ಅತ್ತಿಗೆ ಅದರ ಹ್ಯಾಂಡಲ್ಲಿಗೆ ಅರಿಶಿನ ಕುಂಕುಮ ಹಚ್ಚಿ ಒಂದು ರವಿಕೆ ಕಣ ಕಟ್ಟಿ ಕಳಿಸಿದ್ದಳು. ಅತ್ತೆ ಒಮ್ಮೆ ಗಾಡಿಯ ಸುತ್ತ ಬಂದು, "ನಮ್ ಕಾಲದಲ್ಲಿ ತವರಿಂದ ಹಸು ಬತ್ತಿತ್ತು" ಎಂದು ಒಳಗೆ ಹೋದರು.

ಎಂಜಿನ್ನು ಪೂರ್ತಿ ಜಾಮಾಗಿತ್ತು. ಕಿಕ್ಕರ್ ಮೇಲೆ ನಾನು ನಿಂತರೂ ಅಲ್ಲಾಡಲಿಲ್ಲ, ಯಜಮಾನರು ನಿಂತರೂ ಅಲ್ಲಾಡಲಿಲ್ಲ. ಹುಡುಕಿಕೊಂಡು ತರೀಕೆರೆಗೆ ಹೋದೆ. ಅಲ್ಲಿ ರಹಮತ್ ಸಾಬರೆಂದು ಹಳೇ ಮೇಸ್ತ್ರಿ. ಮೊಣಕಾಲು ನೋವಿಗೆ ಅಂಗಡಿ ಮುಚ್ಚಿ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿರುತ್ತಾರೆ. ನಾನು ಸಂಗತಿ ಹೇಳಿದ್ದನ್ನೆಲ್ಲ ಕೇಳಿ, "ನೋಡಮ್ಮ, ನಾನು ಈ ಕುರ್ಚಿಯಿಂದ ಏಳಲ್ಲ. ಸ್ಪ್ಯಾನರ್ ಮುಟ್ಟಲ್ಲ. ಬಾಯಲ್ಲಿ ಹೇಳ್ತೀನಿ, ಕೈ ನಿಮ್ದು. ಆಗುತ್ತಾ?" ಎಂದರು. ಆಗುತ್ತದೆ ಎಂದೆ. "ಹಂಗಾದ್ರೆ ಪ್ಲಗ್ ಬಿಚ್ಚಿ ಒಳಗೆ ಡೀಸೆಲ್ ಹಾಕಿ, ಹದಿನೈದು ದಿನ ಅದರ ತಂಟೆಗೆ ಹೋಗ್ಬೇಡಿ" ಎಂದು ಕಳಿಸಿಬಿಟ್ಟರು. ಹದಿನೈದು ದಿನ ಕೈಕಟ್ಟಿಕೊಂಡು ಕೂತಿರುವುದೇ ಅವರು ಕಲಿಸಿದ ಮೊದಲ ಪಾಠ. ಹದಿನಾರನೆಯ ದಿನ ಪಿಸ್ಟನ್ನು ಒಂದು ಕೂದಲಷ್ಟು ಕದಲಿತು. ನಾನು ಹಿತ್ತಿಲಿನಲ್ಲಿ ಒಬ್ಬಳೇ ನಿಂತು ನಕ್ಕೆ.

ಆಮೇಲೆ ಶುರುವಾಯಿತು ಬಿಚ್ಚುವ ಕೆಲಸ. ಬಿಚ್ಚುವುದು ಯಾರಿಗೂ ಬರುತ್ತದೆ, ಬಿಚ್ಚಿದ್ದು ಎಲ್ಲಿಯದೆಂದು ನೆನಪಿಡುವುದೇ ವಿದ್ಯೆ. ಅದರಲ್ಲಿ ನನ್ನನ್ನು ಮೀರಿಸುವ ಮೆಕ್ಯಾನಿಕ್ಕು ಈ ಮೂರು ತಾಲ್ಲೂಕಿನಲ್ಲಿ ಇಲ್ಲವೆಂದು ಧೈರ್ಯವಾಗಿ ಹೇಳುತ್ತೇನೆ. ಇಪ್ಪತ್ತಾರು ವರ್ಷದಿಂದ ನೂರಾರು ಜನರ ರವಿಕೆ ಬಟ್ಟೆ, ಅಳತೆ ರವಿಕೆ, ಲೈನಿಂಗು, ಹುಕ್ಕು ಎಲ್ಲವನ್ನೂ ಒಂದೊಂದು ಚೀಲಕ್ಕೆ ತುಂಬಿ, ಚೀಟಿ ಪಿನ್ನು ಮಾಡಿ, ಒಂದರದ್ದು ಇನ್ನೊಂದಕ್ಕೆ ಹೋಗದಂತೆ ಕಾಪಾಡಿದವಳು ನಾನು. ಎಂಜಿನ್ನಿಗೂ ಅದೇ ಪದ್ಧತಿ ಹಿಡಿದೆ. ಕ್ಲಚ್ಚಿಗೊಂದು ಚೀಲ, ಕಾರ್ಬೊರೇಟರಿಗೊಂದು ಚೀಲ, ಒಂದೊಂದು ನಟ್ಟಿಗೂ ಚೀಟಿ. ತಪ್ಪಿದ್ದು ಒಂದೇ ಸಲ. ಅಂತರಘಟ್ಟೆಯ ಒಬ್ಬ ಗಿರಾಕಿ ತಮ್ಮ ಚೀಲ ತೆಗೆದುಕೊಂಡು ಹೋದವರು ಸಂಜೆ ವಾಪಸು ಬಂದು, ಕ್ಲಚ್ ಸ್ಪ್ರಿಂಗುಗಳನ್ನು ಅಂಗೈಯಲ್ಲಿ ಹಿಡಿದು, "ಟೈಲರಮ್ಮ, ಹೊಸ ಫ್ಯಾಷನ್ನಾ? ಇದನ್ನ ಎಲ್ಲಿಗೆ ಹಾಕ್ಕೊಳ್ಳೋದು?" ಎಂದು ಬಹಳ ವಿನಯದಿಂದ ಕೇಳಿದರು. ಅವರ ಹುಕ್ಕುಗಳು ಅಷ್ಟರಲ್ಲಿ ಸೀಮೆಎಣ್ಣೆಯಲ್ಲಿ ನೆನೆಯುತ್ತಿದ್ದವು.

ಸಿಲಿಂಡರಿನ ಒಳಗೆ ಗೀರು ಬಿದ್ದಿತ್ತು. ಅದನ್ನು ಲೇತಿನಲ್ಲಿ ಕೊರೆಸಿ, ಸ್ವಲ್ಪ ದೊಡ್ಡ ಪಿಸ್ಟನ್ ಹಾಕಬೇಕು, ಕ್ರ್ಯಾಂಕಿಗೆ ಹೊಸ ಕನೆಕ್ಟಿಂಗ್ ರಾಡ್ ಕೂರಿಸಬೇಕು, ಇದಕ್ಕೆಲ್ಲ ಕಡೂರೇ ಗತಿ ಎಂದರು ಮೇಸ್ತ್ರಿ. ಸಿಲಿಂಡರನ್ನು ವೈರು ಬುಟ್ಟಿಯಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಬೀರೂರಿನವರೆಗೂ ಅದನ್ನೇ ನೋಡುತ್ತಿದ್ದ ಪಕ್ಕದ ಸೀಟಿನ ಹೆಂಗಸು ಕಡೆಗೆ ತಡೆಯಲಾರದೆ, "ಇದ್ಯಾವ ಕಂಪನಿ ಕುಕ್ಕರ್ರು?" ಎಂದರು. ಕಡೂರಿನ ಲೇತ್ ಅಂಗಡಿಯ ಪರಮೇಶಪ್ಪನವರು ಕೆಲಸದಲ್ಲಿ ಬಹಳ ಅಚ್ಚುಕಟ್ಟು, ಮಾತಿನಲ್ಲಿ ಬಹಳ ಬಿಗಿ. ಹದಿನೈದು ದಿನ ಬಿಟ್ಟು ಹೋದಾಗ ಸಿಲಿಂಡರನ್ನು ಕನ್ನಡಿಯ ಹಾಗೆ ಮಾಡಿ ಕೈಗಿತ್ತರು. ನಾನು ಪಿಸ್ಟನ್ನನ್ನು ಅದರೊಳಗಿಟ್ಟು, ಅದು ತಾನೇ ಮೆತ್ತಗೆ ಇಳಿಯುವುದನ್ನು ಕಣ್ಣುತುಂಬ ನೋಡುತ್ತಿದ್ದೆ. ಅವರು ನನ್ನನ್ನೇ ನೋಡಿ, "ತಗೊಂಡೋಗಿ ಯಾರಾದ್ರೂ ಗೊತ್ತಿರೋರ ಕೈಲಿ ಫಿಟ್ ಮಾಡ್ಸಿ ಅಮ್ಮ. ಇಷ್ಟು ಕಷ್ಟಪಟ್ಟು ಕೊರೆದಿದೀನಿ, ಹಾಳಾಗೋದು ಬೇಡ" ಎಂದರು. "ನಾನೇ ಮಾಡೋದು" ಎಂದೆ. ಅವರು ಪಕ್ಕದ ಗಿರಾಕಿಯ ಮುಖ ನೋಡಿ ನಕ್ಕರು. ವಾಪಸು ಬರುವಾಗ ಬಸ್ಸಿನಲ್ಲೇ ನಿಶ್ಚಯ ಮಾಡಿದೆ. ಗಾಡಿ ಮುಗಿದ ದಿನ ಹಗಲು ಹೊತ್ತಿನಲ್ಲಿ, ನಾನೇ ಓಡಿಸಿಕೊಂಡು ಬಂದು ಈ ಅಂಗಡಿಯ ಮುಂದೆ ನಿಲ್ಲಿಸಬೇಕು. ಈ ಮನುಷ್ಯ "ಯಾರು ಮಾಡಿದ್ದು?" ಎಂದು ಕೇಳಬೇಕು. ನಾನು ಹೆಲ್ಮೆಟ್ ತೆಗೆದು, ಅವಸರ ಮಾಡದೆ, "ನಾನೇ" ಎನ್ನಬೇಕು. ಈ ಒಂದು ಪದವನ್ನು ನಾನು ಮುಂದೆ ಒಂದೂವರೆ ವರ್ಷ ಅಭ್ಯಾಸ ಮಾಡಿದ್ದೇನೆ.

ಬೇರಿಂಗು ಕೂರಿಸಿದ ದಿನದ ಕತೆಯನ್ನು ಹೇಳಲೇಬೇಕು. ಎಂಜಿನ್ನಿನ ಚಿಪ್ಪನ್ನು ಕಾಯಿಸಬೇಕು, ಬೇರಿಂಗನ್ನು ತಣ್ಣಗೆ ಮಾಡಬೇಕು. ಆಗ ಅದು ಹಿಗ್ಗಿ, ಇದು ಕುಗ್ಗಿ, ಸುತ್ತಿಗೆಯ ಏಟಿಲ್ಲದೆ ಒಂದರಲ್ಲೊಂದು ಇಳಿಯುತ್ತದೆ. ಬೇರಿಂಗುಗಳನ್ನು ಹಿಂದಿನ ದಿನವೇ ಫ್ರಿಜ್ಜಿನ ಐಸ್ ಪೆಟ್ಟಿಗೆಯಲ್ಲಿಟ್ಟೆ. ಕಾಯಿಸಲು ಅಷ್ಟಗಲದ್ದು ಮನೆಯಲ್ಲಿ ಇದ್ದದ್ದು ಒಂದೇ, ಅತ್ತೆಯ ರೊಟ್ಟಿ ಹಂಚು. ಅವರು ಮಠಕ್ಕೆ ಹೋದದ್ದು ನೋಡಿ ಒಲೆ ಹಚ್ಚಿದೆ. ಬೇರಿಂಗು ಹಂಚಿನ ಮೇಲಿನ ಚಿಪ್ಪಿನೊಳಕ್ಕೆ ಟಕ್ ಎಂದು ಇಳಿಯುವುದಕ್ಕೂ ಅತ್ತೆ ವಿಭೂತಿ ಹಚ್ಚಿಕೊಂಡು ಅಡುಗೆಮನೆ ಬಾಗಿಲಲ್ಲಿ ನಿಲ್ಲುವುದಕ್ಕೂ ಸರಿಹೋಯಿತು. ಭೂಮಿ ಬಾಯಿಬಿಡಲಿ ಎಂದು ಕಾದೆ. ಅವರು ಒಲೆಯ ಹತ್ತಿರ ಬಂದು ಬಗ್ಗಿ ನೋಡಿದರು. "ಉರಿ ಜಾಸ್ತಿ ಆಯ್ತು ಕಣೇ. ಅಂಚು ಕಾದಿದೆ, ನಡು ಕಾದಿಲ್ಲ. ರೊಟ್ಟಿಗೇ ಇಷ್ಟು ಉರಿ ಇಡಲ್ಲ" ಎಂದು ಹೇಳಿ, ಉರಿ ಸಣ್ಣ ಮಾಡಿ, ಎರಡನೆಯ ಬೇರಿಂಗು ಇಳಿಯುವವರೆಗೂ ಅಲ್ಲೇ ನಿಂತರು. ಎರಡನೆಯದು ಮೊದಲನೆಯದಕ್ಕಿಂತ ಸಲೀಸಾಗಿ ಇಳಿಯಿತು ಎಂಬುದನ್ನು ಒಪ್ಪಿಕೊಳ್ಳಬೇಕು. ಅದಾದ ಮೇಲೆ ನಾನು ಹಿತ್ತಿಲಿನಲ್ಲಿ ಕೆಲಸ ಮಾಡುವಾಗಲೆಲ್ಲ ಅವರು ಅವರೆಕಾಯಿ ಸುಲಿಯುವ ನೆಪದಲ್ಲಿ ಮೆಟ್ಟಿಲ ಮೇಲೆ ಬಂದು ಕೂರತೊಡಗಿದರು. ನಮ್ಮಲ್ಲಿ ಅವರೆಕಾಯಿ ಬಾರದ ತಿಂಗಳಲ್ಲೂ ಕೂರುತ್ತಿದ್ದರು.

ಹಿಂದಿನ ಸೀಟು ಕತ್ತರಿಸಿದ್ದಾಯಿತು, ಹ್ಯಾಂಡಲ್ಲು ತಗ್ಗಿಸಿದ್ದಾಯಿತು. ಒಬ್ಬರೇ ಕೂರುವ ಗಾಡಿ ಎಂದು ತಿಳಿದು ಯಜಮಾನರಿಗೆ ಆದ ಸಮಾಧಾನ ಅವರ ಮುಖದಲ್ಲೇ ಕಾಣುತ್ತಿತ್ತು. ಸೀಟನ್ನು ನಾನೇ ಹೊಲಿದೆ. ಕಂದು ರೆಕ್ಸಿನ್ನಿಗೆ ಒಳಗೆ ಸ್ಪಂಜು ಕೊಟ್ಟು, ಮೇಲೆ ಅಡ್ಡಡ್ಡ ಹೊಲಿಗೆ ಹಾಕಿ ಶಂಕರಪೋಳಿಯಂಥ ಚೌಕ ಬಿಡಿಸಿದೆ. ಒಂದು ಚೌಕವೂ ಇನ್ನೊಂದಕ್ಕಿಂತ ನೂಲಿನಷ್ಟು ದೊಡ್ಡದಿಲ್ಲ, ಬೇಕಾದರೆ ಟೇಪು ತಂದು ಅಳೆಯಬಹುದು. ಬಣ್ಣದವನಿಗೆ ಬಾಯಲ್ಲಿ ಬಣ್ಣ ಹೇಳದೆ ಕಡುಹಸಿರು ರೇಷ್ಮೆ ಬಟ್ಟೆಯ ತುಂಡೊಂದನ್ನು ಕೊಟ್ಟು ಇದಕ್ಕೆ ಮ್ಯಾಚಿಂಗ್ ಎಂದೆ. ಎಂಜಿನ್ನನ್ನು ನಾನೇ ಬಟ್ಟೆ ಹಚ್ಚಿ ಉಜ್ಜಿ ಉಜ್ಜಿ ಬೆಳ್ಳಿ ದೀಪದ ಕಂಬದ ಹಾಗೆ ಮಾಡಿದೆ. ಮೊದಲ ಸಲ ಸ್ಟಾರ್ಟ್ ಮಾಡಿದ ದಿನ ತರೀಕೆರೆಗೆ ಫೋನು ಹಚ್ಚಿ ಸ್ಪೀಕರಿನಲ್ಲಿಟ್ಟು ಸ್ಟೂಲಿನ ಮೇಲಿಟ್ಟೆ. ಹನ್ನೊಂದನೆಯ ಒದೆತಕ್ಕೆ ಎಂಜಿನ್ನು ಹತ್ತಿಕೊಂಡಿತು. ಆ ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬಂತು. ಅಷ್ಟು ಹೆಮ್ಮೆ ನನಗೆ ಮಗಳು ಪಾಸಾದಾಗಲೂ ಆಗಿರಲಿಲ್ಲ. ಮೇಸ್ತ್ರಿ ಎರಡು ನಿಮಿಷ ಕಿವಿಗೊಟ್ಟು ಕೇಳಿ, "ಹೂಂ. ಸಾಕು ನಿಲ್ಸಿ, ಪೆಟ್ರೋಲ್ ದಂಡ" ಎಂದರು. ಅತ್ತೆ ಮೆಟ್ಟಿಲ ಮೇಲಿನಿಂದ ಎದ್ದು ಒಳಗೆ ಹೋದರು.

ಸುದ್ದಿ ಊರಿಗೆ ಹಬ್ಬಿತು, ಹಬ್ಬಬೇಕಾದ ಹಾಗೆ ಮಾತ್ರ ಹಬ್ಬಲಿಲ್ಲ. ಬಂದವರೆಲ್ಲ ಗಾಡಿ ನೋಡಿ ನೇರ ಯಜಮಾನರ ಕೈಕುಲುಕಿದರು. "ಏನ್ ಸಾರ್, ಪಾಠ ಮಾಡ್ಕೊಂಡು ಇಂಥ ಕೆಲ್ಸಕ್ಕೆ ಯಾವಾಗ ಟೈಮ್ ಸಿಕ್ತು ನಿಮ್ಗೆ?" ಸ್ಪ್ಯಾನರಿಗೂ ಸೌಟಿಗೂ ವ್ಯತ್ಯಾಸ ಗೊತ್ತಿಲ್ಲದ ಆ ಮಹಾನುಭಾವರು ಕೈಮುಗಿದು, "ಮನೆಯವರ ಸಹಕಾರವೂ ಇದೆ" ಎಂದರು. ನಾನು ಒಳಗಿನಿಂದ ಕೇಳಿಸಿಕೊಂಡೆ. ಅವತ್ತು ಸಂಜೆ ಅವರಿಗೆ ನನ್ನ ಸಹಕಾರ ಸಿಗಲಿಲ್ಲ. ನಿನ್ನೆಯ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ತಿಂದರು. "ನಿಜ ಹೇಳಾಣ ಅಂತಲೇ ಬಾಯಿ ತೆಗ್ದೆ ಕಣೇ, ಅವರು ಜೋಕು ಅನ್ಕೊಂಡು ನಕ್ಬಿಟ್ರು" ಎಂದು ಗೊಣಗಿದರು. ಸರಿ, ಇನ್ನು ಕಡೂರೇ ನನ್ನ ಮಾನ ಉಳಿಸಬೇಕು ಎಂದುಕೊಂಡು ದಿನ ಗೊತ್ತುಮಾಡುವಷ್ಟರಲ್ಲಿ ಹೊಗೆ ಬಂತು.

ಸೈಲೆನ್ಸರಿನಿಂದ ಹೊಗೆ ಬರುವುದು ಈ ಜಾತಿಯ ಎಂಜಿನ್ನಿಗೆ ಸಹಜ, ಅದಕ್ಕೆ ಪೆಟ್ರೋಲಿನಲ್ಲೇ ಆಯಿಲ್ ಬೆರೆಸಿ ಕುಡಿಸಬೇಕು. ಇದು ಹಾಗಲ್ಲ. ಬೆಳಿಗ್ಗೆ ಗಾಡಿ ತೆಗೆದು ಅಂತರಘಟ್ಟೆಯ ಕಡೆಗೆ ಒಂದು ಮೈಲಿ ಹೋಗುವಷ್ಟರಲ್ಲಿ ಸಿಲಿಂಡರಿನ ಹಿಂಭಾಗದಿಂದ ದಟ್ಟವಾದ ಬಿಳಿ ಹೊಗೆ ಎದ್ದು, ಒಂಥರಾ ಕಮಟು ವಾಸನೆ ಹೊಡೆಯಿತು. ಇನ್ನೆರಡು ಮೈಲಿ ಹೋದರೆ ಹೊಗೆ ತಾನೇ ನಿಂತಿತು. ಮಾರನೆಯ ದಿನ ಮತ್ತೆ ಅದೇ. ಗ್ಯಾಸ್ಕೆಟ್ಟು ಸೋರುತ್ತಿದೆ ಎಂದು ತಲೆಭಾಗ ಬಿಚ್ಚಿದೆ. ಸಿಲಿಂಡರಿನ ಹಿಂಬದಿಯಲ್ಲಿ, ಬಿಸಿ ಆರಲೆಂದು ಇರುವ ರೆಕ್ಕೆಗಳ ನಡುವೆ ಕಪ್ಪು ಮಸಿ ಹಿಡಿದಿತ್ತು. ಸೋರಿದ ಆಯಿಲ್ಲೇ ಸುಟ್ಟಿದೆ ಎಂದು ತೊಳೆದು ಹೊಸ ಗ್ಯಾಸ್ಕೆಟ್ ಹಾಕಿದೆ. ಮಾರನೆಯ ದಿನ ಹೊಗೆ. ಮತ್ತೆ ಬಿಚ್ಚಿ ಸಿಲಿಂಡರನ್ನೇ ಕಳಚಿ ನೋಡಿದೆ, ಮತ್ತೆ ಜೋಡಿಸಿದೆ. ಮತ್ತೆ ಹೊಗೆ. ಹಾಲಿನವನು ಗಾಡಿ ನಿಲ್ಲಿಸಿ, "ಅಕ್ಕಾ, ಹೊಗೆ ಬತ್ತೈತೆ. ನೀವೇ ರಿಪೇರಿ ಮಾಡಿದ್ರಂತಲ್ಲ?" ಎಂದ. ನೋಡಿ ನ್ಯಾಯ ಹೇಗಿದೆ. ಗಾಡಿ ಹೊಳೆಯುವಾಗ ಅದನ್ನು ಮಾಡಿದ್ದು ಯಜಮಾನರು. ಹೊಗೆ ಬಂದ ಕೂಡಲೇ ಮಾಡಿದ್ದು ನಾನೆಂದು ಹಾಲಿನವನಿಗೂ ಗೊತ್ತು. ಇದೇ ಹೊಗೆ ಕಡೂರಿನ ಲೇತ್ ಅಂಗಡಿಯ ಮುಂದೆ ಎದ್ದರೆ ಪರಮೇಶಪ್ಪನವರು ಹೇಗೆ ನಗುತ್ತಾರೆಂದು ನೆನೆದು ನನಗೆ ಎರಡು ದಿನ ಊಟ ಸೇರಲಿಲ್ಲ.

ಮೂರನೆಯ ದಿನ ಗಾಡಿಯನ್ನು ತರೀಕೆರೆಗೇ ಓಡಿಸಿಕೊಂಡು ಹೋದೆ. ಎಂದಿನಂತೆ ಊರು ದಾಟುವಷ್ಟರಲ್ಲಿ ಹೊಗೆ ಬಂತು, ಎಂದಿನಂತೆ ನಿಂತಿತು. ಮೇಸ್ತ್ರಿಯ ಮನೆಯ ಮುಂದೆ ನಿಲ್ಲಿಸಿದಾಗ ಹೊಗೆಯ ಸುಳಿವಿಲ್ಲ. ನಾನು ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ, ಎರಡು ವರ್ಷದಲ್ಲಿ ಮೊದಲ ಸಲ, ಅವರು ಕುರ್ಚಿಯಿಂದ ಎದ್ದರು. ಕೋಲೂರಿಕೊಂಡು ಬಂದು ಎಂಜಿನ್ನಿನ ಹಿಂದೆ ಮೂಗಿಟ್ಟು ಎಳೆದರು. ಆರುವವರೆಗೆ ಕಾದು, ರೆಕ್ಕೆಗಳ ಸಂದಿಗೆ ಬೆರಳು ಹಾಕಿ, ಅಂಟಿದ ಕರಿಯನ್ನು ಮೂಸಿ ನೋಡಿದರು.

"ಅಮ್ಮ, ನಿಮ್ಮನೇಲಿ ಹರಳೆಣ್ಣೆ ಯಾರು ಬಳಸೋದು?"

"ಹರಳೆಣ್ಣೆನಾ? ಅತ್ತೆ ಕಾಡಿಗೆ ಮಾಡ್ತಾರೆ. ದೀಪಕ್ಕೆ ಹರಳೆಣ್ಣೆ ಹಾಕಿ, ಮಸಿ ಹಿಡ್ದು, ಅದಕ್ಕೆ ಮತ್ತೆ ಹರಳೆಣ್ಣೇಲೇ ಕಲಸಿ..."

ಮೇಸ್ತ್ರಿ ಕರಿಬೆರಳನ್ನು ನನಗೆ ತೋರಿಸುತ್ತ ನಗಲು ಶುರು ಮಾಡಿದರು. ನಕ್ಕು ನಕ್ಕು ಕೆಮ್ಮು ಬಂದು ಮತ್ತೆ ಕುರ್ಚಿಗೆ ಹೋಗಿ ಕೂತರು. "ದೃಷ್ಟಿಬೊಟ್ಟು ಇಟ್ಟಿದಾರೆ ಕಣಮ್ಮ ನಿಮ್ಮತ್ತೆ. ಮಗೂಗೆ ಕಿವಿ ಹಿಂದೆ ಇಡ್ತಾರಲ್ಲ, ಹಂಗೆ ಯಾರಿಗೂ ಕಾಣ್ದಿರೋ ಕಡೆ ಇಟ್ಟಿದಾರೆ. ಬಿಸಿ ಆದ್ರೆ ಸುಡ್ತದೆ. ಸುಟ್ಟೋದ್ರೆ ಮಾರನೇ ದಿನ ಮತ್ತೆ ಇಡ್ತಾರೆ." ಸ್ವಲ್ಪ ಸುಧಾರಿಸಿಕೊಂಡು, "ನಮ್ಮ ಉಸ್ತಾದರು ಹೇಳೋರು, ಹಿಂದೆ ರೇಸ್ ಓಡ್ಸೋರು ಎಂಜಿನ್ನಿಗೆ ಹರಳೆಣ್ಣೇನೇ ಹಾಕೋರಂತೆ. ರೇಸಿನ ಮೈದಾನದ ತುಂಬ ಇದೇ ವಾಸನೆಯಂತೆ. ನಿಮ್ಮ ಗಾಡಿ ರೇಸರ್ ಆಗೋಕೆ ಇಷ್ಟೇ ಬಾಕಿ ಇತ್ತು, ಅದನ್ನ ಅವರು ಮಾಡಿದಾರೆ" ಎಂದರು.

ನನಗೆ ನಗು ಬರಲಿಲ್ಲ. ಎರಡು ಸಲ ಎಂಜಿನ್ನು ಬಿಚ್ಚಿದ ನೋವು ಬೆನ್ನಿನಲ್ಲಿತ್ತು. ಸಿಟ್ಟಿನಲ್ಲೇ ಅಜ್ಜಂಪುರಕ್ಕೆ ಬಂದು, ಹೆಲ್ಮೆಟ್ಟೂ ತೆಗೆಯದೆ ಅತ್ತೆಯ ಮುಂದೆ ನಿಂತೆ.

"ಅತ್ತೆ, ಎಂಜಿನ್ನಿಗೆ ಕಾಡಿಗೆ ಹಚ್ಚಿದ್ದು ನೀವಾ?"

ಅವರು ತಬ್ಬಿಬ್ಬಾಗಲಿಲ್ಲ. "ಹೂಂ ಮತ್ತೆ. ದಿನಾ ಬೆಳಿಗ್ಗೆ ಪೂಜೆ ಆದ್ಮೇಲೆ ಇಡ್ತಿದ್ದೆ. ನೀನು ಒರೆಸಿ ಒರೆಸಿ ಹಾಕ್ತಿದ್ದೆ."

"ಯಾಕೆ ಇಟ್ರಿ?"

"ಯಾಕಂದ್ರೆ? ಹಂಗೆ ಮಿರಮಿರ ಅಂತ ನಿಂತಿದ್ರೆ ಜನರ ಕಣ್ಣು ಸುಮ್ನಿರ್ತದಾ? ಊರೋರದ್ದು ಬಿಡು, ನನ್ನ ಕಣ್ಣೇ ತಾಗ್ತಿತ್ತು. ನೀನು ಸ್ಟಾರ್ಟ್ ಮಾಡಿದ್ಯಲ್ಲ ಅವತ್ತು, ಮೆಟ್ಲ ಮೇಲೆ ಕೂತ್ಕೊಂಡು ನೋಡ್ತಾ ನೋಡ್ತಾ ನನ್ಗೇ ಭಯ ಆಯ್ತು. ಎದ್ದೋಗಿ ಕಾಡಿಗೆ ತಂದೆ."

ಇಪ್ಪತ್ತಾರು ವರ್ಷ ನಾನು ಕಾದಿದ್ದ ಮಾತು ಅದೇ. ಮಗಳ ಮೂಗು ಚಪ್ಪಟೆ ಎಂದು ಅವತ್ತು ಬಂದವರ ಮುಂದೆಲ್ಲ ಯಾಕೆ ಸಾರಿದ್ದರು ಎಂಬುದೂ ಆಗ ಹೊಳೆಯಿತು. ನಾನು ಹೆಲ್ಮೆಟ್ಟಿನೊಳಗೇ ಅತ್ತುಬಿಟ್ಟೆ. ಹೆಲ್ಮೆಟ್ಟಿನೊಳಗೆ ಅಳುವುದು ಸುಲಭವಲ್ಲ, ಗಾಜು ಮಂಜಾಗಿ ಎದುರಿಗಿರುವವರು ಕಾಣುವುದಿಲ್ಲ. ಕಾಡಿಗೆಯನ್ನು ಎಂಜಿನ್ನಿಗೆ ಬೇಡ, ಸೀಟಿನ ಅಡಿಗೆ ಇಡುವುದೆಂದು ಅವತ್ತೇ ಒಪ್ಪಂದ ಮಾಡಿಕೊಂಡೆವು. ಹೊಗೆ ನಿಂತಿತು.

ಆ ಸಂತೋಷ ನಾಲ್ಕು ದಿನ ಬಾಳಿತು. ಐದನೆಯ ದಿನ ಅತ್ತೆಯ ಜೊತೆ ಮಠಕ್ಕೆ ಹೋಗುವ ಶಾಂತಮ್ಮನವರು ಬಂದಿದ್ದರು. ನಾನು ಒಳಗೆ ಮಿಷನ್ನಿನ ಮುಂದೆ ಇದ್ದೆ. "ಗಾಡಿ ಏನ್ ಚೆಂದ ಐತೆ ಗೌರಮ್ಮ. ನಿಮ್ಮ ಸೊಸೇನೇ ಮಾಡಿದ್ದಂತೆ?" ಎಂದು ಕೇಳಿದ್ದು ಕೇಳಿಸಿತು. ಕಡೆಗೂ ಕೇಳಬೇಕಾದವರು ಕೇಳಬೇಕಾದ್ದನ್ನು ಕೇಳಿದರಲ್ಲ ಎಂದು ಮಿಷನ್ನು ನಿಲ್ಲಿಸಿದೆ. "ಅಯ್ಯೋ, ಅವಳ ಕೈಲಿ ಎಲ್ಲಾಗ್ತದೆ. ತರೀಕೆರೆ ಸಾಬ್ರು ಮಾಡಿದ್ದು. ಇವಳು ಬಟ್ಟೆ ಹಿಡ್ಕೊಂಡು ಒರೆಸ್ತಾ ಇರ್ತಾಳೆ ಅಷ್ಟೆ" ಎಂದರು ನಮ್ಮತ್ತೆ. ಶಾಂತಮ್ಮ ಹೋಗುವುದನ್ನೇ ಕಾದು ಹೊರಗೆ ಬಂದೆ. ನನ್ನ ಮುಖ ನೋಡಿಯೇ ಅವರಿಗೆ ತಿಳಿಯಿತು. "ಮತ್ತೆ ಇನ್ನೇನ್ ಹೇಳ್ಲಿ? ನೀನೇ ಮಾಡಿದ್ದು ಅಂದ್ರೆ ಆಯಮ್ಮ ನಿನ್ನ ಕೈ ನೋಡ್ಕೊಂಡೇ ಹೋಗ್ತಾಳೆ. ಎಂಜಿನ್ನಿಗಾದ್ರೆ ಎಲ್ಲೋ ಒಂದ್ಕಡೆ ಬೊಟ್ಟು ಇಡ್ಬೋದು. ಕೈಗೆ ಎಲ್ಲಿ ಇಡ್ಲಿ?" ಇದೆಲ್ಲ ಹಳೇ ಕಾಲದವರ ಕುರುಡು ನಂಬಿಕೆ, ಇದಕ್ಕೆ ನನ್ನ ಹೆಸರು ಬಲಿಯಾಗಬಾರದು ಎಂದು ಮನಸ್ಸಿನಲ್ಲೇ ಅಂದುಕೊಂಡು ಮಾರನೆಯ ಬೆಳಿಗ್ಗೆಯೇ ಕಡೂರಿಗೆ ಹೊರಟೆ.

ಆ ಸವಾರಿಯನ್ನು ಎಷ್ಟು ಹೇಳಿದರೂ ಸಾಲದು. ವೇಲನ್ನು ಸೊಂಟಕ್ಕೆ ಬಿಗಿದುಕೊಂಡು, ತಗ್ಗಿದ ಹ್ಯಾಂಡಲ್ಲಿನ ಮೇಲೆ ಬಾಗಿ, ಬೀರೂರು ದಾಟಿ ಹೋಗುವಾಗ ಬಸ್ಸಿನ ಕಿಟಕಿಗಳಲ್ಲೆಲ್ಲ ತಲೆಗಳು ಹೊರಗೆ ಬಂದವು. ಎಂಜಿನ್ನಿನಲ್ಲಿ ಒಂದು ಅಪಸ್ವರವಿಲ್ಲ, ಒಂದು ಎಳೆ ಹೊಗೆಯಿಲ್ಲ. ಒಂದೊಂದು ಬೇರಿಂಗು ತಿರುಗುವುದೂ ನನ್ನ ಪಾದಕ್ಕೆ ಗೊತ್ತಾಗುತ್ತಿತ್ತು. ಐವತ್ತೊಂದನೆಯ ವಯಸ್ಸಿನಲ್ಲಿ, ಹಾಡಹಗಲು, ನಾನೇ ಕಟ್ಟಿದ ಎಂಜಿನ್ನಿನ ಮೇಲೆ ಕೂತು ಹೋಗುತ್ತಿರುವ ಹೆಂಗಸು ಈ ರಸ್ತೆಯಲ್ಲಿ ಇನ್ನೊಬ್ಬಳಿದ್ದರೆ ತೋರಿಸಲಿ ಎಂದು ಗಟ್ಟಿಯಾಗಿಯೇ ಹೇಳಿಕೊಂಡೆ.

ಪರಮೇಶಪ್ಪನವರ ಅಂಗಡಿಯ ಮುಂದೆ ನಿಲ್ಲಿಸಿದಾಗ ಲೇತ್ ನಿಲ್ಲಿಸಿ ಹೊರಗೆ ಬಂದರು. ಹೆಲ್ಮೆಟ್ಟಿನೊಳಗಿರುವುದು ಯಾರೆಂದು ಅವರು ನೋಡಲಿಲ್ಲ, ಗಾಡಿ ನೋಡಿದರು. ಕುಕ್ಕರಗಾಲಿನಲ್ಲಿ ಕೂತು ಎಂಜಿನ್ನಿಗೆ ಕಿವಿಗೊಟ್ಟರು. ಆಫ್ ಮಾಡಲು ಹೇಳಿದರು, ಮತ್ತೆ ಸ್ಟಾರ್ಟ್ ಮಾಡಲು ಹೇಳಿದರು. ಒಂದೇ ಒದೆತಕ್ಕೆ ಹತ್ತಿಕೊಂಡಿತು. ಅವರ ಮುಖ ಬದಲಾಯಿತು. ರೆಪ್ಪೆ ಬಡಿಯದೆ, ಹಸಿದವನು ಎಲೆ ನೋಡುವ ಹಾಗೆ ಎಂಜಿನ್ನನ್ನೇ ನೋಡುತ್ತ ಕೂತುಬಿಟ್ಟರು. ಬಹಳ ಹೊತ್ತಾಯಿತು. ನಾನು ಹೆಲ್ಮೆಟ್ ತೆಗೆದೆ. ಅವರಿಗೆ ನನ್ನ ಗುರುತು ಸಿಕ್ಕಿತು.

"ಯಾರಮ್ಮ ಇದನ್ನ ಫಿಟ್ ಮಾಡಿದ್ದು?" ಎಂದರು.

ಒಂದೂವರೆ ವರ್ಷ ಅಭ್ಯಾಸ ಮಾಡಿದ ಪದ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಆ ಮನುಷ್ಯ ಇನ್ನೂ ರೆಪ್ಪೆ ಬಡಿದಿರಲಿಲ್ಲ.

"ತರೀಕೆರೇಲಿ ಒಬ್ರು ಸಾಬ್ರಿದಾರೆ" ಎಂದೆ.

"ಅದೇ ಮತ್ತೆ. ಒಳ್ಳೆ ಕೈ ಅಮ್ಮ ಅದು" ಎಂದು ಮತ್ತೆ ಎಂಜಿನ್ನಿಗೇ ಬಗ್ಗಿ ತಲೆದೂಗಿದರು.

ಹೌದು, ಬಹಳ ಒಳ್ಳೆಯ ಕೈ ಎಂದು ನಾನೂ ತಲೆದೂಗಿದೆ. ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸಿನ ಕಪ್ಪಿತ್ತು. ಅವರು ತಲೆಯೆತ್ತುವಷ್ಟರಲ್ಲಿ ಸೊಂಟದ ವೇಲನ್ನು ಬಿಚ್ಚಿ, ಎರಡೂ ಕೈಗಳನ್ನು ಅದರೊಳಗೆ ಮುಚ್ಚಿಟ್ಟುಕೊಂಡೆ.